ಬ್ಯಾಂಡ್ ಬಾರಿಸಿ ಬದುಕು ಕಟ್ಟಿದ ಜೆಂಕಿನ್ಸ್ ಅನಾಥಾಲಯ

1891ರ ಚಳಿಗಾಲ. ಅಮೆರಿಕದ ಸೌತ್ ಕೆರೊಲಿನಾ ರಾಜ್ಯದ ಬಂದರು ನಗರ ಚಾರ್ಲ್ಸ್‌ಟನ್. ರೈಲು ಹಳಿಗಳ ಬಳಿ ಒಬ್ಬರಿಗೊಬ್ಬರು ಅಂಟಿಕೊಂಡು ಚಳಿಗೆ ನಡುಗುತ್ತಿದ್ದ ನಾಲ್ವರು ಕಪ್ಪು ಹುಡುಗರು ಬ್ಯಾಪ್ಟಿಸ್ಟ್ ಪಾದ್ರಿ ಡೇನಿಯಲ್ ಜೆಂಕಿನ್ಸ್ ಅವರ ಕಣ್ಣಿಗೆ ಬಿದ್ದರು. ಗುಲಾಮಗಿರಿಯ ಕೊನೆಗಾಲದಲ್ಲಿ ಹುಟ್ಟಿ, ಎಳವೆಯಲ್ಲೇ ತಬ್ಬಲಿಯಾಗಿದ್ದ ಜೆಂಕಿನ್ಸ್‌ಗೆ ಅವರ ಪಾಡನ್ನು ಯಾರೂ ವಿವರಿಸಬೇಕಿರಲಿಲ್ಲ. ತಮ್ಮ ಚರ್ಚಿನ ಸಭಿಕರನ್ನು ಒಪ್ಪಿಸಿ ಅನಾಥಾಲಯ ತೆರೆದೇಬಿಟ್ಟರು.

ಆ ನಗರಕ್ಕೆ ಅನಾಥಾಲಯ ಹೊಸದಲ್ಲ. 1790ರಷ್ಟು ಹಿಂದೆಯೇ ಅಲ್ಲಿ ಸಾರ್ವಜನಿಕ ಹಣದಲ್ಲಿ ಒಂದು ಆರಂಭವಾಗಿತ್ತು. ಆದರೆ ಅದರ ಬಾಗಿಲು ಬಿಳಿಯರ ಮಕ್ಕಳಿಗೆ ಮಾತ್ರ ತೆರೆಯುತ್ತಿತ್ತು. ಕಪ್ಪು ಮಕ್ಕಳಿಗೆ ದಿಕ್ಕಾದದ್ದು ಜೆಂಕಿನ್ಸ್ ಅವರ ಸಂಸ್ಥೆ. ಫ್ರಾಂಕ್ಲಿನ್ ಬೀದಿಯ ಹಳೆಯ ನಾವಿಕರ ಆಸ್ಪತ್ರೆ ಅದರ ನೆಲೆಯಾಯಿತು. ಪಕ್ಕದಲ್ಲೇ ಜೈಲು.

ಮಕ್ಕಳು ಬರುತ್ತಲೇ ಇದ್ದರು, ಹಣ ಬರುತ್ತಿರಲಿಲ್ಲ. ಆಗ ಜೆಂಕಿನ್ಸ್ ಊರವರ ಮುಂದಿಟ್ಟ ಬೇಡಿಕೆ ವಿಚಿತ್ರವಾಗಿತ್ತು: ಮೂಲೆಗೆ ಬಿದ್ದ ಹಳೆಯ ವಾದ್ಯಗಳಿದ್ದರೆ ಕೊಡಿ! ಮೇಷ್ಟ್ರುಗಳನ್ನು ಗೊತ್ತುಮಾಡಿ ಹುಡುಗರಿಗೆ ಸ್ವರಲಿಪಿ ಓದುವುದನ್ನೂ ಕಹಳೆ ಊದುವುದನ್ನೂ ಕಲಿಸಲಾಯಿತು. ಸಿಟಡೆಲ್ ಸೈನಿಕ ಕಾಲೇಜಿನ ಕೆಡೆಟ್‌ಗಳು ಹಾಕಿಬಿಟ್ಟ ಸಮವಸ್ತ್ರಗಳೇ ಬ್ಯಾಂಡಿನ ಉಡುಪು. ಬೀದಿ ಮೂಲೆಯಲ್ಲಿ ದೊಡ್ಡ ಹುಡುಗರು ನುಡಿಸುತ್ತಿದ್ದರೆ, ಮುಂದೆ ಪುಟ್ಟ ಪೋರನೊಬ್ಬ ಬ್ಯಾಂಡ್ ನಡೆಸುವವನಂತೆ ಕೈಯಾಡಿಸುತ್ತ ಹೆಜ್ಜೆ ಹಾಕುತ್ತಿದ್ದ. ಜನ ಸುತ್ತುಗಟ್ಟುತ್ತಿದ್ದರು, ಟೋಪಿಗೆ ಚಿಲ್ಲರೆ ಬೀಳುತ್ತಿತ್ತು.

1895ರಲ್ಲಿ ಜೆಂಕಿನ್ಸ್ ಹುಡುಗರನ್ನು ಲಂಡನ್‌ಗೂ ಕರೆದೊಯ್ದರು. ಚಿಕ್ಕ ಮಕ್ಕಳನ್ನು ಬೀದಿಯಲ್ಲಿ ನುಡಿಸಲು ಹಚ್ಚುವುದು ಅಲ್ಲಿನ ಕಾನೂನಿಗೆ ವಿರುದ್ಧವಾಗಿದ್ದರಿಂದ ಪ್ರಕರಣ ಕೋರ್ಟು ಮೆಟ್ಟಿಲೇರಿತು. ಆದರೂ ಬ್ಯಾಂಡ್ ನಿಲ್ಲಲಿಲ್ಲ. 1909ರಲ್ಲಿ ಅಧ್ಯಕ್ಷ ಟಾಫ್ಟ್ ಅವರ ಪದಗ್ರಹಣದ ಮೆರವಣಿಗೆಯಲ್ಲಿ, 1914ರಲ್ಲಿ ಲಂಡನ್ನಿನ ಆಂಗ್ಲೋ-ಅಮೆರಿಕನ್ ಪ್ರದರ್ಶನದಲ್ಲಿ, 1927ರಲ್ಲಿ ನ್ಯೂಯಾರ್ಕ್ ರಂಗಭೂಮಿಯ 'ಪೋರ್ಗಿ' ನಾಟಕದಲ್ಲಿ ಅದು ನುಡಿಸಿತು.

ಸಂಗೀತವೊಂದೇ ಅಲ್ಲ. ಚಪ್ಪಲಿ ಹೊಲಿಯುವುದು, ಮರಗೆಲಸ, ಮುದ್ರಣ, ಬೇಸಾಯ ಎಲ್ಲವೂ ಅಲ್ಲಿನ ಪಾಠಗಳೇ. ಶಿಸ್ತು ಕಠಿಣವಾಗಿತ್ತು. ತಮ್ಮ ಅನ್ನವನ್ನು ತಾವೇ ದುಡಿದು ತರಬೇಕಾದ ಹೊರೆ ಆ ಎಳೆಯ ಹೆಗಲುಗಳ ಮೇಲಿತ್ತು ಎಂಬುದನ್ನು ಮರೆಯುವಂತಿಲ್ಲ. ಮುಂದೆ ಹೆಸರಾಂತ ಟ್ರಂಪೆಟ್ ವಾದಕನಾದ ಜಾಬೋ ಸ್ಮಿತ್, ಆರನೇ ವಯಸ್ಸಿಗೆ ಬಂದು ಸೇರಿದವನು, ಅಲ್ಲಿಂದ ಓಡಿಹೋದದ್ದೂ ಉಂಟು.

ಆದರೆ ಕಲಿಕೆ ಗಟ್ಟಿಯಾಗಿತ್ತು. ಹೆತ್ತವರನ್ನು ಕಳೆದುಕೊಂಡು ಬಂದ ಕ್ಯಾಟ್ ಆಂಡರ್ಸನ್, ಜಾಝ್ ದಿಗ್ಗಜ ಡ್ಯೂಕ್ ಎಲಿಂಗ್ಟನ್ ತಂಡದಲ್ಲಿ ತಾರಸ್ಥಾಯಿಯ ಟ್ರಂಪೆಟ್‌ಗೆ ಹೆಸರಾದರು. ಆಶ್ರಮವಾಸಿಯಲ್ಲದಿದ್ದರೂ ಈ ಬ್ಯಾಂಡಿನ ಒಡನಾಟದಲ್ಲಿ ಪಳಗಿದ ಫ್ರೆಡ್ಡಿ ಗ್ರೀನ್, 1937ರಿಂದ ಸುಮಾರು 50 ವರ್ಷ ಕೌಂಟ್ ಬೇಸಿ ಜಾಝ್ ತಂಡದ ಗಿಟಾರ್ ಹಿಡಿದರು. ಜಾಝ್ ಎಂದರೆ ನ್ಯೂ ಆರ್ಲಿಯನ್ಸ್ ನಗರವೊಂದೇ ಎನ್ನುವವರು ಚಾರ್ಲ್ಸ್‌ಟನ್ನಿನ ಈ ಹುಡುಗರನ್ನೂ ನೆನೆಯಬೇಕು.

ಜೆಂಕಿನ್ಸ್ 1937ರಲ್ಲಿ ತೀರಿಕೊಂಡರು. ಫ್ರಾಂಕ್ಲಿನ್ ಬೀದಿಯ ಕಟ್ಟಡ ಈಗ ರಾಷ್ಟ್ರೀಯ ಸ್ಮಾರಕ. ಸಂಸ್ಥೆ ನಾರ್ತ್ ಚಾರ್ಲ್ಸ್‌ಟನ್‌ಗೆ ಸ್ಥಳಾಂತರಗೊಂಡು, ಜೆಂಕಿನ್ಸ್ ಇನ್‌ಸ್ಟಿಟ್ಯೂಟ್ ಎಂಬ ಹೆಸರಿನಲ್ಲಿ ಮಕ್ಕಳ ಸೇವೆಯನ್ನು ಮುಂದುವರಿಸಿತು.