ಹೇಳಲು ಹೋಗಿದ್ದು ನೀರಿನ ಮಾತು

ಸಂತೇಬೆನ್ನೂರು ಸುತ್ತಮುತ್ತ ಅಡಿಕೆ ಸುಲಿಯುವ ಕಾಲ ಬಂದರೆ ನಮ್ಮ ಕೈಗೆ ಬಿಡುವಿಲ್ಲ. ಬಾಯಿಗೂ ಬಿಡುವಿಲ್ಲ! ಮಾತು ಮಳೆಯಿಂದ ಶುರುವಾಗುತ್ತದೆ. ಅಲ್ಲಿಂದ ಮಗಳ ಬಾಣಂತನಕ್ಕೆ ಹೋಗುತ್ತದೆ. ಅಲ್ಲಿಂದ ಚನ್ನಗಿರಿ ಬಸ್ಸಿಗೆ. ಮಾತು ಎಲ್ಲಿಗೆ ಹೋದರೂ ಅಡಿಕೆ ಸುಲಿದು ಮುಗಿಯುತ್ತದೆ. ಇದರಲ್ಲಿ ತಪ್ಪೇನೂ ಇಲ್ಲ.

ಗ್ರಾಮಸಭೆಯಲ್ಲಿ ಹಾಗಲ್ಲ. ಒಬ್ಬ ಅಕ್ಕ ಎದ್ದು ನಿಂತಳು ಅಂದುಕೊಳ್ಳೋಣ. ಅವಳ ಕೇರಿಯ ಬೋರ್‌ವೆಲ್ ಕೆಟ್ಟು 8 ದಿನ ಆಗಿದೆ. ಅದನ್ನು ಹೇಳೋಕೆ ಬಂದಳು. "ಅಣ್ಣಾರೆ, ಕೊಡ ಹೊತ್ತು ಹೊತ್ತು ಸೊಂಟ ಹಿಡಕೊಂಡೈತೆ" ಅಂದಳು. ಸೊಂಟದ ಮಾತು ಆಸ್ಪತ್ರೆಗೆ ಹೋಯಿತು. ಆಸ್ಪತ್ರೆಯಿಂದ ಗಂಡನ ಕುಡಿತಕ್ಕೆ. ಕೊನೆಗೆ, ಹಿಂದಿನ ಕಾಲದಲ್ಲಿ ಹನುಮಪ್ಪ ನಾಯಕರು ಕಟ್ಟಿಸಿದ ಪುಷ್ಕರಣಿಗೆ! "ಆಯ್ತು, ಕೂತ್ಕಳಮ್ಮ. ಮುಂದಿನವರು ಹೇಳ್ರಿ" ಅಂದರು ಅಧ್ಯಕ್ಷರು. ಬೋರ್‌ವೆಲ್ ಅಂತ ಯಾರೂ ಬರೆದುಕೊಳ್ಳಲಿಲ್ಲ. ಮರುದಿನವೂ ಅವಳು ಕೊಡ ಹೊತ್ತು ದೂರದ ತೋಟಕ್ಕೇ ಹೋದಳು.

ಅವಳು ಹೇಳಿದ್ದೆಲ್ಲ ನಿಜವೇ. ನಮ್ಮ ಕಷ್ಟಗಳು ಒಂದಕ್ಕೊಂದು ಅಂಟಿಕೊಂಡಿವೆ. ಒಂದನ್ನು ಎಳೆದರೆ ಇನ್ನೊಂದು ಬರುತ್ತದೆ. ಕೇಳುವವರು ಸಿಗೋದೇ ಅಪರೂಪ. ಸಿಕ್ಕಾಗ ಎಲ್ಲ ಹೇಳಿಬಿಡೋಣ ಅನ್ನಿಸುತ್ತದೆ. ಅದಕ್ಕೇ ಮಾತು ದಾರಿ ಬಿಡುತ್ತದೆ. ನಮಗೆ ಮಾತು ಬರುವುದಿಲ್ಲ ಅಂತಲ್ಲ.

ಅದಕ್ಕೆ ಮೊದಲು ಬೋರ್‌ವೆಲ್ ಮಾತನ್ನೇ ಹೇಳೋಣ. ಯಾವ ಕೇರಿ? ಎಷ್ಟು ದಿನ ಆಯ್ತು? ಎಷ್ಟು ಮನೆಗೆ ನೀರಿಲ್ಲ? ಇಷ್ಟನ್ನು ಚೀಟಿಯಲ್ಲಿ ಬರೆದುಕೊಂಡು ಹೋಗೋಣ. ಈಗ ನಮಗೆ ಬರೆಯಲು ಬರುತ್ತದಲ್ಲ! ಕಾನೂನಿನ ಪ್ರಕಾರ ಗ್ರಾಮಸಭೆ 6 ತಿಂಗಳಿಗೊಮ್ಮೆಯಾದರೂ ನಡೆಯಬೇಕು. ಈ ಸಲ ತಪ್ಪಿದರೆ ಇನ್ನೊಂದು ಸಭೆಗೆ ಅಷ್ಟು ದಿನ ಕಾಯಬೇಕಾದೀತು.

ಅರ್ಜಿ ಬರೆಯುವಾಗಲೂ ಹೀಗೇ. ಬೋರ್‌ವೆಲ್ ರಿಪೇರಿಗೆ ಎಷ್ಟು ಖರ್ಚಾಯ್ತು? ಇದನ್ನು ಕೇಳುವ ಹಕ್ಕು ನಮಗಿದೆ. 2005ರಲ್ಲಿ ಮಾಹಿತಿ ಹಕ್ಕು ಕಾನೂನು ಬಂತು. ಅರ್ಜಿಗೆ 10 ರೂಪಾಯಿ ಶುಲ್ಕ. ಬಿಪಿಎಲ್ ಕಾರ್ಡು ಇದ್ದವರಿಗೆ ಅದೂ ಇಲ್ಲ. 30 ದಿನದೊಳಗೆ ಉತ್ತರ ಕೊಡಬೇಕು.

2008ರಲ್ಲಿ ನಮ್ಮ ಕರ್ನಾಟಕ ಸರ್ಕಾರ ಒಂದು ನಿಯಮ ಸೇರಿಸಿತು. ಒಂದು ಅರ್ಜಿಯಲ್ಲಿ ಒಂದೇ ವಿಷಯ ಕೇಳಬೇಕು. ಅರ್ಜಿ ಸಾಮಾನ್ಯವಾಗಿ 150 ಪದ ದಾಟಬಾರದು. ನಮ್ಮಂಥವರಿಗೆ ಇದು ಸ್ವಲ್ಪ ಬಿಗಿಯೇ. ನೀರಿನ ಜೊತೆ ರೇಷನ್ ಕಾರ್ಡಿನ ಮಾತು ಸೇರಿಸಿದರೆ ಅರ್ಜಿ ವಾಪಸ್ ಕಳಿಸಲು ಅವರಿಗೊಂದು ನೆವ ಸಿಕ್ಕಂತೆ. ಎರಡು ವಿಷಯ ಇದ್ದರೆ ಎರಡು ಅರ್ಜಿ ಹಾಕೋಣ.

ಹೀಗೆ ಬರೆಯಬಹುದು:

"ನಮ್ಮ ಕೇರಿಯ ಬೋರ್‌ವೆಲ್ ರಿಪೇರಿಗೆ ಕಳೆದ ವರ್ಷ ಎಷ್ಟು ಹಣ ಖರ್ಚಾಗಿದೆ? ಬಿಲ್ಲಿನ ನಕಲು ಕೊಡಿ."

ಎಣಿಸಿ ನೋಡೋಣ. 12 ಪದ.