ಐವತ್ತಾರು ಮೋಟರು, ಒಂದು ಚಿಪ್ಪು!

ನಿಮ್ಮ ತೆಂಗಿನ ತೋಟದ ಬೋರ್‌ವೆಲ್‌ಗೆ ಐದು ಎಚ್‌ಪಿ ಮೋಟರು ಇಳಿಸಿದ್ದೀರಾ? ಹಾಗಾದರೆ ಅದರ ಜೋರು ನಿಮಗೆ ಗೊತ್ತು. ಗುಂಡಿ ಒತ್ತಿದರೆ ಸಾಕು, ಪಾತಾಳದ ನೀರು ತೆಂಗಿನ ಬುಡಕ್ಕೆ!

ಈಗ ಒಂದು ಊಹೆ ಮಾಡಿ. ಕೆ.ಬಿ. ಕ್ರಾಸಿನಲ್ಲಿ ಸದ್ದೇ ಇಲ್ಲದೆ ನಿಮ್ಮನ್ನು ದಾಟಿ ಹೋಗುವ ಎಲೆಕ್ಟ್ರಿಕ್ ಎಸ್‌ಯುವಿಯಲ್ಲಿ ಅಂಥ ಎಷ್ಟು ಮೋಟರುಗಳ ಶಕ್ತಿ ಇದ್ದೀತು? ಹತ್ತು? ಇಪ್ಪತ್ತು? ಇನ್ನೂ ಮೇಲೆ ಹೋಗಿ!

ಐವತ್ತಾರು!

ಉತ್ಪ್ರೇಕ್ಷೆ ಅಲ್ಲ, ಬರೀ ಭಾಗಾಕಾರ. ಮಹೀಂದ್ರ ಬಿಇ 6ರ ದೊಡ್ಡ ಬ್ಯಾಟರಿಯ ಮಾದರಿ 210 ಕಿಲೋವ್ಯಾಟ್, ಅಂದರೆ 280 ಎಚ್‌ಪಿಗೂ ಮೇಲು. ನಿಂತಲ್ಲಿಂದ ನೂರು ಕಿ.ಮೀ. ವೇಗಕ್ಕೆ 6.7 ಸೆಕೆಂಡು!

"ಅದೆಲ್ಲ ಸರಿ ಕಣಪ್ಪಾ, ಎಷ್ಟು ವರ್ಷ ಬರುತ್ತೆ? ಬ್ಯಾಟರಿ ಹೋದರೆ ಗುಜರಿಗೇ ಅಲ್ವಾ?"

ಇದು ಹಿರಿಯರ ಪ್ರಶ್ನೆ. ತಪ್ಪಿಲ್ಲ! 2001ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ರೇವಾ ಕಾರು ನೆನಪಿದೆಯೇ? ಸೀಸ-ಆಮ್ಲದ ಬ್ಯಾಟರಿ. ಒಂದು ಚಾರ್ಜಿಗೆ ಸುಮಾರು 80 ಕಿ.ಮೀ. ಬೆಂಗಳೂರು ಬಿಟ್ಟರೆ ತುಮಕೂರು ದಾಟಿ, ಗುಬ್ಬಿ ಮುಟ್ಟುವುದರೊಳಗೆ ಉಸಿರು ನಿಲ್ಲುತ್ತಿತ್ತು. ತಿಪಟೂರು ಕನಸು! 2010ರಲ್ಲಿ ಆ ಕಂಪನಿಯನ್ನು ಕೈಗೆ ತೆಗೆದುಕೊಂಡದ್ದು ಯಾರು? ಇದೇ ಮಹೀಂದ್ರ!

ಬಿಇ 6 ಗ್ರಾಹಕರ ಕೈಸೇರತೊಡಗಿದ್ದು 2025ರಲ್ಲಿ. ಹತ್ತು ವರ್ಷ ಓಡಿಸಿದವರು ಭೂಮಿಯ ಮೇಲೆ ಒಬ್ಬರೂ ಇಲ್ಲ. ಹಾಗಾದರೆ ಬಾಳಿಕೆ ತಿಳಿಯುವುದು ಹೇಗೆ? ಹಳೆಯ ಎಲೆಕ್ಟ್ರಿಕ್ ವಾಹನಗಳನ್ನು ಕೇಳಿ! ಜಿಯೋಟ್ಯಾಬ್ ಎಂಬ ಸಂಸ್ಥೆ ಸುಮಾರು ಹತ್ತು ಸಾವಿರ ವಾಹನಗಳನ್ನು ಕೇಳಿತು. 2024ರಲ್ಲಿ ಬಂದ ಉತ್ತರ: ಬ್ಯಾಟರಿ ವರ್ಷಕ್ಕೆ ಕಳೆದುಕೊಳ್ಳುವುದು ಸರಾಸರಿ ಶೇ 1.8.

ಅಷ್ಟೇನಾ? ಅಷ್ಟೇ!

ಲೆಕ್ಕ ಹಾಕೋಣ. ಒಂದು ಚಾರ್ಜಿಗೆ ನಿಜವಾದ ರಸ್ತೆಯಲ್ಲಿ 500 ಕಿ.ಮೀ. ಸಿಗುತ್ತದೆ ಎನ್ನುತ್ತದೆ ಮಹೀಂದ್ರ (ಸರ್ಟಿಫಿಕೇಟಿನಲ್ಲಿ 682 ಇದೆ, ಅದನ್ನು ನಂಬಿ ಹೊರಡಬೇಡಿ). ಹತ್ತು ವರ್ಷಕ್ಕೆ ಶೇ 18 ಹೋಯಿತು ಅನ್ನಿ. ಉಳಿದದ್ದು 410. ತಿಪಟೂರಿನಿಂದ ಬೆಂಗಳೂರಿಗೆ ಹೋಗಿ, ಮದುವೆ ಊಟ ಮುಗಿಸಿ, ಎಲ್ಲೂ ಚಾರ್ಜ್ ಮಾಡದೆ ವಾಪಸ್ಸು ಬಂದರೂ 300 ಕಿ.ಮೀ. ಆಗುವುದಿಲ್ಲ. ಹತ್ತು ವರ್ಷದ ಹಳೇ ಬ್ಯಾಟರಿಯಲ್ಲಿ!

ಸರಿ, ಈಗ ಕಠಿಣ ಪ್ರಶ್ನೆ. ಬ್ಯಾಟರಿ ಬೇಗ ಸವೆಯುವುದು ಯಾವಾಗ? ಒಂದೇ ಹದದಲ್ಲಿ ಮೆಲ್ಲಗೆ ಶಕ್ತಿ ಎಳೆದಾಗಲೋ? ಗಕ್ಕನೆ ತುಳಿದು, ಬಿಟ್ಟು, ಮತ್ತೆ ತುಳಿದಾಗಲೋ?

ತುಳಿದಾಗ ಅಂದಿರಾ? ನಾನೂ ಹಾಗೇ ಅಂದುಕೊಂಡಿದ್ದೆ!

ಸ್ಟ್ಯಾನ್‌ಫರ್ಡ್ ವಿಜ್ಞಾನಿಗಳು 92 ಸೆಲ್‌ಗಳನ್ನು ಎರಡು ವರ್ಷಕ್ಕೂ ಹೆಚ್ಚು ಕಾಲ ದುಡಿಸಿ ನೋಡಿದರು. 2024ರ ಡಿಸೆಂಬರಿನಲ್ಲಿ ಫಲಿತಾಂಶ ಬಂತು. ನಿಜವಾದ ಓಡಾಟದ ಹಾಗೆ ಏರಿಳಿತದಲ್ಲಿ ದುಡಿದ ಸೆಲ್‌ಗಳೇ ಹೆಚ್ಚು ಬಾಳಿದವು. ಎಷ್ಟು ಹೆಚ್ಚು? ಶೇ 38ರವರೆಗೆ! ಚುಟುಕಾದ ಜೋರು ತುಳಿತ ಬ್ಯಾಟರಿಯನ್ನು ಕೊಲ್ಲಲಿಲ್ಲ, ಸವೆತವನ್ನೇ ನಿಧಾನ ಮಾಡಿತು! ಅವರ ಸೆಲ್ ನಿಕ್ಕಲ್ ಜಾತಿಯದು, ಬಿಇ 6ರದ್ದು ಕಬ್ಬಿಣ-ಫಾಸ್ಫೇಟಿನದು. ಹಾಗಾಗಿ ಅದೇ ಅಂಕಿ ಇಲ್ಲಿಗೂ ಅಂಟುತ್ತದೆ ಎಂದು ಪಣ ಕಟ್ಟಬೇಡಿ. ಆದರೂ ಎಂಥ ತಿರುವು!

ಬ್ಯಾಟರಿಯ ನಿಜವಾದ ವೈರಿಗಳು ಬೇರೆ. ಸುಡುವ ಬಿಸಿಲು. ತುಂಬಾ ಚಾರ್ಜ್ ಮಾಡಿ ವಾರಗಟ್ಟಲೆ ನಿಲ್ಲಿಸುವುದು. ತೆಂಗಿನ ನೆರಳಿಗೆ ನಮ್ಮಲ್ಲೇನು ಬರವೇ? ಕಾಯಿ ಬೀಳದ ಕಡೆ ನಿಲ್ಲಿಸಿ, ಅಷ್ಟೆ.

ಇನ್ನು ಧರ್ಮಸ್ಥಳಕ್ಕೆ ಹೊರಡಿ. ಚಾರ್ಮಾಡಿ ಘಾಟಿ ಇಳಿಯಿರಿ. ಕರಾವಳಿಗೆ ಹೋಲಿಸಿದರೆ ತಿಪಟೂರು 800 ಮೀಟರಿಗೂ ಎತ್ತರದಲ್ಲಿದೆ. ಎರಡು ಟನ್ ಕಾರು ಅಷ್ಟು ಇಳಿದರೆ ಗುರುತ್ವ ಕೊಡುವ ಶಕ್ತಿ ಎಷ್ಟು? ನಾಲ್ಕು ಯೂನಿಟ್ಟಿಗೂ ಹೆಚ್ಚು! ಡೀಸೆಲ್ ಗಾಡಿಯಲ್ಲಿ ಅದೆಲ್ಲ ಬ್ರೇಕಿನ ಬಿಸಿಯಾಗಿ ಹೊಗೆ. ಇಲ್ಲಿ? ಚಕ್ರಗಳೇ ಮೋಟರನ್ನು ತಿರುಗಿಸುತ್ತವೆ, ಮೋಟರು ಜನರೇಟರ್ ಆಗುತ್ತದೆ, ದೊಡ್ಡ ಪಾಲು ಬ್ಯಾಟರಿಗೆ ವಾಪಸ್ಸು! ಬ್ರೇಕ್ ಪ್ಯಾಡ್ ವರ್ಷಗಟ್ಟಲೆ ಹೊಸದರ ಹಾಗೇ. ಎಂಜಿನ್ ಆಯಿಲ್ ಮಾತೇ ಇಲ್ಲ. ಟೈರಿಗೆ ಮಾತ್ರ ಕರುಣೆ ಇಲ್ಲ: ಭಾರವೂ ಜಾಸ್ತಿ, ಎಳೆತವೂ ಜಾಸ್ತಿ. ಖರ್ಚು ಬರುವುದು ಅಲ್ಲೇ, ಕಾದಿರಿ.

ಖಾಸಗಿ ಬಳಕೆಯ ಮೊದಲ ಮಾಲೀಕರಿಗೆ ಮಹೀಂದ್ರ ಕೊಡುವ ಬ್ಯಾಟರಿ ವಾರಂಟಿ ಎಷ್ಟು ವರ್ಷ? ವರ್ಷವೇ ಇಲ್ಲ. ಆಜೀವ! ಮಾರಿದರೆ ಮುಂದಿನವರಿಗೆ ಹತ್ತು ವರ್ಷ ಅಥವಾ ಎರಡು ಲಕ್ಷ ಕಿ.ಮೀ. ಸೆಕೆಂಡ್ ಹ್ಯಾಂಡ್ ಕೊಳ್ಳುವವರೇ, ಈ ಸಾಲನ್ನು ಎರಡು ಸಲ ಓದಿ!

ದೊಡ್ಡ ಬೆರಗು ಇನ್ನೂ ಬಾಕಿ ಇದೆ. ಅದು ಶೋರೂಮಿನಲ್ಲಿಲ್ಲ. ನಿಮ್ಮ ಹಿತ್ತಲಲ್ಲಿದೆ!

ತುರುವೇಕೆರೆಯಲ್ಲೋ ಚಿಕ್ಕನಾಯಕನಹಳ್ಳಿಯಲ್ಲೋ ಕೊಬ್ಬರಿ ಅಟ್ಟವಿರುವ ಯಾವ ಮನೆಗಾದರೂ ಹೋಗಿ. ತಿಂಗಳುಗಟ್ಟಲೆ ಒಣಗಿದ ಕಾಯಿ ಇಳಿಸಿ, ಸುಲಿದು, ಚಿಪ್ಪು ಒಡೆದು ಉಂಡೆ ಕೊಬ್ಬರಿ ತೆಗೆಯುತ್ತಾರೆ. ಕೊಬ್ಬರಿ ತಿಪಟೂರು ಮಾರುಕಟ್ಟೆಗೆ. ಚಿಪ್ಪು?

ಚಿಪ್ಪು ಬ್ಯಾಟರಿಗೆ!

ಲಿಥಿಯಂ ಬದಲು ಸೋಡಿಯಂ ಬಳಸುವ ಬ್ಯಾಟರಿಗಳು ಬರುತ್ತಿವೆ. ಚೀನಾದಲ್ಲಿ ಅಂಥ ಸಣ್ಣ ಕಾರುಗಳು ಆಗಲೇ ರಸ್ತೆಗಿಳಿದಿವೆ. ಸೋಡಿಯಂ ಅಯಾನು ಗಾತ್ರದಲ್ಲಿ ದೊಡ್ಡದು, ಗ್ರಾಫೈಟಿನ ಪದರಗಳಲ್ಲಿ ಸರಿಯಾಗಿ ಕೂರುವುದಿಲ್ಲ. ಅದಕ್ಕೆ ಅಡ್ಡಾದಿಡ್ಡಿ ಪದರ, ಸಣ್ಣ ಸಣ್ಣ ಪೊಟರೆಗಳಿರುವ ಗಟ್ಟಿ ಇಂಗಾಲ ಬೇಕು. ಅದನ್ನು ಮಾಡುವ ಒಳ್ಳೆಯ ಕಚ್ಚಾವಸ್ತುಗಳಲ್ಲಿ ಒಂದು ಯಾವುದು? ತೆಂಗಿನ ಚಿಪ್ಪು! ಗಾಳಿ ಬಿಡದೆ ಸಾವಿರ ಡಿಗ್ರಿಗೂ ಮೇಲೆ ಕಾಯಿಸಬೇಕು, ಅಷ್ಟೆ.

ಇನ್ನೊಂದು ದಾರಿಯೂ ಇದೆ. ಚಿಪ್ಪಿನ ಇದ್ದಿಲನ್ನು ಹಬೆಯಲ್ಲಿ ಹದ ಮಾಡಿದರೆ ಕಣ್ಣಿಗೆ ಕಾಣದ ರಂಧ್ರಗಳು ತೆರೆಯುತ್ತವೆ. ಕ್ಷಣದಲ್ಲಿ ಚಾರ್ಜ್ ಹೀರಿ ಕ್ಷಣದಲ್ಲೇ ಕೊಡುವ ಸೂಪರ್‌ಕೆಪಾಸಿಟರ್‌ಗೆ ಬೇಕಾದ ಇದ್ದಿಲು ಇದೇ. ಜಪಾನಿನ ಕುರಾರೆ ಕಂಪನಿ ಇದನ್ನು ತೆಂಗಿನ ಚಿಪ್ಪಿನಿಂದ ಮಾಡಿ ಮಾರುತ್ತದೆ. ಇಂಥ ಒಂದು ಗ್ರಾಂ ಇದ್ದಿಲಿನ ಒಳಮೈಯನ್ನೆಲ್ಲ ಬಿಡಿಸಿ ಹಾಸಿದರೆ ಎಷ್ಟು ಜಾಗ? ಚಾಪೆಯಷ್ಟು? ಕಣದಷ್ಟು?

ಸಾವಿರ ಚದರ ಮೀಟರಿಗೂ ಹೆಚ್ಚು. ಹತ್ತು ಗುಂಟೆ! ನಾಲ್ಕೇ ನಾಲ್ಕು ಗ್ರಾಂ ಇದ್ದರೆ ಒಂದು ಎಕರೆ!

ಮುಂದಿನ ಸಲ ಚಿಪ್ಪು ಕೊಳ್ಳುವವರು ಬಂದು ರೇಟು ಹೇಳಿದಾಗ, ಒಂದು ಕೈ ಗಟ್ಟಿಯಾಗೇ ಚೌಕಾಸಿ ಮಾಡಿ!