ಆಕ್ಸಿಲರೇಟರ್‌ಗೆ ರಾಡ್ ಹಾಕಿದರೆ ಗಟ್ಟಿ, ಕೇಬಲ್ ಹಾಕಿದರೆ ಅಪಾಯ: ಈ ಮಾತು ಎಷ್ಟು ನಿಜ?

“ಕೇಬಲ್ ಇವತ್ತಲ್ಲ ನಾಳೆ ಕಿತ್ತುಹೋಗುತ್ತೆ. ಕಬ್ಬಿಣದ ರಾಡ್ ಹಾಕಿಸಿ, ಚಿಂತೆಯೇ ಇರಲ್ಲ.” ಹಳೆಯ ಎಂಜಿನ್ ತಂದು ಸ್ವಂತ ಕಾರು ಕಟ್ಟಲು ಹೊರಟವರಿಗೆ ಸಿಗುವ ಸಲಹೆ ಇದು. ಕೇಳಲು ಸರಿ ಎನಿಸುತ್ತದೆ. ಆದರೆ ಇದು ಅರ್ಧ ಸತ್ಯ. ಉಳಿದರ್ಧ ಗೊತ್ತಿಲ್ಲದಿದ್ದರೆ ಜೀವಕ್ಕೇ ಕುತ್ತು ಬರಬಹುದು.

ಮೊದಲು, ಥ್ರಾಟಲ್ ಅಂದರೇನು?

ಪೆಟ್ರೋಲ್ ಎಂಜಿನ್‌ಗೆ ಗಾಳಿ ಹೋಗುವ ದಾರಿಯಲ್ಲಿ ಒಂದು ದುಂಡನೆಯ ತಟ್ಟೆ ಇರುತ್ತದೆ. ಅದು ತೆರೆದಷ್ಟೂ ಗಾಳಿ ಹೆಚ್ಚು, ಎಂಜಿನ್ ವೇಗವೂ ಹೆಚ್ಚು. ನೀವು ಆಕ್ಸಿಲರೇಟರ್ ಒತ್ತಿದಾಗ ಈ ತಟ್ಟೆ ತೆರೆಯುತ್ತದೆ. ಪೆಡಲ್‌ಗೂ ತಟ್ಟೆಗೂ ನಡುವೆ ಇರುವ ಸಂಪರ್ಕವೇ ಥ್ರಾಟಲ್ ಲಿಂಕೇಜ್. ಅದು ಕೇಬಲ್ ಆಗಿರಬಹುದು, ರಾಡ್ ಆಗಿರಬಹುದು, ಈಗಿನ ಕಾರುಗಳಲ್ಲಿ ಬರೀ ವಿದ್ಯುತ್ ತಂತಿಯೂ ಆಗಿರಬಹುದು.

ಕೇಬಲ್ ಕಿತ್ತುಹೋದರೆ ಏನಾಗುತ್ತದೆ?

ಕಾರಿನ ವೇಗ ಇಳಿಯುತ್ತದೆ. ಪೆಡಲ್ ತಟ್ಟೆಯನ್ನು ತೆರೆಯುತ್ತದೆ ಅಷ್ಟೇ. ಮುಚ್ಚುವುದು ಸ್ಪ್ರಿಂಗ್. ಕೇಬಲ್ ತುಂಡಾದರೆ ಸ್ಪ್ರಿಂಗ್ ತಟ್ಟೆಯನ್ನು ಮುಚ್ಚುತ್ತದೆ, ಎಂಜಿನ್ ಐಡಲ್‌ಗೆ ಬರುತ್ತದೆ. ದಾರಿ ಮಧ್ಯೆ ನಿಲ್ಲಬೇಕಾಗುತ್ತದೆ, ಕಿರಿಕಿರಿ ನಿಜ. ಆದರೆ ನಿಜವಾದ ಅಪಾಯ ಬೇರೆ: ತಟ್ಟೆ ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಳ್ಳುವುದು. ಕೇಬಲ್‌ನ ಒಂದೆರಡು ಎಳೆ ಬಿಚ್ಚಿಕೊಂಡು ಕವಚದೊಳಗೆ ಸಿಕ್ಕಿದರೆ, ಒಳಗೆ ತುಕ್ಕು ಹಿಡಿದರೆ, ಸೈಲೆನ್ಸರ್ ಪೈಪಿನ ಬಿಸಿಗೆ ಕವಚದ ಒಳಪದರ ಕರಗಿದರೆ ಹೀಗಾಗಬಹುದು.

ಹಾಗಾದರೆ ರಾಡ್ ಸುರಕ್ಷಿತವೇ?

ರಾಡ್‌ಗೆ ಬೇರೆ ಸಮಸ್ಯೆಗಳಿವೆ. ಎಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಕೂತಿರುತ್ತದೆ. ಜೋರಾಗಿ ಆಕ್ಸಿಲರೇಟರ್ ಕೊಟ್ಟಾಗ ಅದು ಒಂದು ಬದಿಗೆ ವಾಲುತ್ತದೆ. ಪೆಡಲ್ ಇರುವುದು ಬಾಡಿಗೆ, ಥ್ರಾಟಲ್ ಇರುವುದು ಎಂಜಿನ್‌ಗೆ. ನಡುವೆ ನೇರ ರಾಡ್ ಇದ್ದರೆ, ಎಂಜಿನ್ ವಾಲಿದಾಗ ನೀವು ಕಾಲು ಅಲುಗಾಡಿಸದಿದ್ದರೂ ಥ್ರಾಟಲ್ ಅಲುಗುತ್ತದೆ. ಮೌಂಟಿಂಗ್ ಮುರಿದರೆ ಪೂರ್ತಿ ತೆರೆದುಕೊಳ್ಳಲೂಬಹುದು.

ಕೇಬಲ್‌ನಲ್ಲಿ ಈ ತೊಂದರೆ ಕಡಿಮೆ. ಸೈಕಲ್ಲಿನ ಬ್ರೇಕ್ ಕೇಬಲ್ ನೆನಪಿಸಿಕೊಳ್ಳಿ. ಹ್ಯಾಂಡಲ್ ಎಷ್ಟು ತಿರುಗಿಸಿದರೂ ಬ್ರೇಕ್ ತಾನಾಗಿ ಹಿಡಿಯುವುದಿಲ್ಲ, ಏಕೆಂದರೆ ತಂತಿಯ ಜೊತೆ ಕವಚವೂ ಬಾಗುತ್ತದೆ. ಕಾರಿನಲ್ಲೂ ಹಾಗೆಯೇ. ಒಂದೇ ಷರತ್ತು: ಕವಚದ ಆ ತುದಿಯನ್ನು ಎಂಜಿನ್ ಮೇಲೆಯೇ ಬಿಗಿಯಬೇಕು, ಬಾಡಿಗಲ್ಲ. ಜೊತೆಗೆ ಕವಚ ಬಾಗಲು ಸಾಕಷ್ಟು ಉದ್ದವಿರಬೇಕು.

ರಾಡ್‌ನ ಇನ್ನೊಂದು ಅಪಾಯ ಕೋನದ್ದು. ಪೂರ್ತಿ ಒತ್ತಿದಾಗ ರಾಡ್ ಮತ್ತು ಥ್ರಾಟಲ್ ಲಿವರ್ ಒಂದೇ ಗೆರೆಗೆ ಬಂದು ಆಚೆ ದಾಟಿದರೆ, ಸ್ಪ್ರಿಂಗ್ ಅದನ್ನು ಹಿಂದಕ್ಕೆ ಎಳೆಯಲಾರದು. ಕಾಲು ತೆಗೆದರೂ ಕಾರು ಓಡುತ್ತಲೇ ಇರುತ್ತದೆ.

ನಿಯಮಗಳು ಏನು ಹೇಳುತ್ತವೆ?

ಅಮೆರಿಕದಲ್ಲಿ 1973ರಿಂದ ಜಾರಿಯಲ್ಲಿರುವ ಸುರಕ್ಷತಾ ಮಾನದಂಡ 124ರ ಪ್ರಕಾರ, ಥ್ರಾಟಲ್ ಮುಚ್ಚಲು ಕನಿಷ್ಠ ಎರಡು ಶಕ್ತಿಮೂಲಗಳಿರಬೇಕು. ಸರಳವಾಗಿ ಹೇಳಿದರೆ, ಎರಡು ಸ್ಪ್ರಿಂಗ್. ಒಂದು ಮುರಿದರೂ ಇನ್ನೊಂದು ಕೆಲಸ ಮಾಡಬೇಕು. ಸಾಮಾನ್ಯ ಹವೆಯಲ್ಲಿ ಕಾರಿನ ಥ್ರಾಟಲ್ ಒಂದು ಸೆಕೆಂಡಿನೊಳಗೆ ಐಡಲ್‌ಗೆ ಮರಳಬೇಕು.

ಎಂಜಿನಿಯರಿಂಗ್ ವಿದ್ಯಾರ್ಥಿಗಳೇ ರೇಸ್ ಕಾರು ಕಟ್ಟುವ ಫಾರ್ಮುಲಾ ಸ್ಟೂಡೆಂಟ್ ಸ್ಪರ್ಧೆಗಳಲ್ಲೂ ಇದೇ ಪಾಠ. ಎರಡು ಸ್ಪ್ರಿಂಗ್‌ಗಳೂ ಥ್ರಾಟಲ್ ಬಳಿಯೇ ಇರಬೇಕು. ಕೇಬಲ್ ಸೈಲೆನ್ಸರ್ ಭಾಗಗಳಿಂದ ಸುಮಾರು 50 ಮಿ.ಮೀ. ದೂರವಿರಬೇಕು. ಪೆಡಲ್‌ಗೆ ಗಟ್ಟಿಯಾದ ತಡೆ ಇರಬೇಕು. ತಡೆ ಇಲ್ಲದಿದ್ದರೆ ಕಾಲಿನ ಬಲವೆಲ್ಲ ಕೇಬಲ್ ಮತ್ತು ತಟ್ಟೆಯ ಮೇಲೆ ಬೀಳುತ್ತದೆ.

ಸ್ಪ್ರಿಂಗ್ ಪೆಡಲ್ ಬಳಿ ಇದ್ದರೆ ಸಾಲದೇ? ಸಾಲದು. ಮಧ್ಯದ ಕೇಬಲ್ ಅಥವಾ ರಾಡಿನ ಜಾಯಿಂಟ್ ಕಳಚಿದರೆ ಆ ಸ್ಪ್ರಿಂಗ್ ಪೆಡಲನ್ನಷ್ಟೇ ಎತ್ತುತ್ತದೆ, ಥ್ರಾಟಲನ್ನಲ್ಲ.

ಕಾರು ಜಿಗಿಯುವುದೇಕೆ?

ಥ್ರಾಟಲ್ ತೆರೆಯುವ ಮೊದಲ ಭಾಗದಲ್ಲೇ ಎಂಜಿನ್ ಶಕ್ತಿ ಬೇಗ ಏರುತ್ತದೆ. ಹಾಗಾಗಿ ಪೆಡಲ್ ಅಳತೆ ಮುಖ್ಯ. ಥ್ರಾಟಲ್ ಚಕ್ರದ ತ್ರಿಜ್ಯ 3 ಸೆಂ.ಮೀ. ಇದ್ದು 90 ಡಿಗ್ರಿ ತಿರುಗಬೇಕಾದರೆ ಕೇಬಲ್ ಸುಮಾರು 4.7 ಸೆಂ.ಮೀ. ಎಳೆಯಬೇಕು. ಪೆಡಲ್ ತಿರುಗುವ ಬಿಂದುವಿನಿಂದ ಪಾದಕ್ಕಿರುವ ದೂರದ ಅರ್ಧದಷ್ಟು ದೂರದಲ್ಲಿ ಕೇಬಲ್ ಕಟ್ಟಿದರೆ, ಪಾದ ಅದರ ಎರಡರಷ್ಟು, ಅಂದರೆ ಸುಮಾರು 9.4 ಸೆಂ.ಮೀ. ಚಲಿಸುತ್ತದೆ. ಪಾದದ ಚಲನೆ ಇದಕ್ಕಿಂತ ತೀರಾ ಕಡಿಮೆಯಾದರೆ ತುಸು ಮುಟ್ಟಿದರೂ ಕಾರು ಜಿಗಿಯುತ್ತದೆ.

ಎಲೆಕ್ಟ್ರಾನಿಕ್ ಥ್ರಾಟಲ್ ಹಾಕಬಹುದೇ?

ಹಾಕಬಹುದು. ಇದರಲ್ಲಿ ಪೆಡಲ್‌ನಲ್ಲೂ ಥ್ರಾಟಲ್‌ನಲ್ಲೂ ಜೋಡಿ ಸೆನ್ಸರ್‌ಗಳಿರುತ್ತವೆ. ಎರಡರ ಲೆಕ್ಕ ತಾಳೆಯಾಗದಿದ್ದರೆ ಕಂಪ್ಯೂಟರ್ ಶಕ್ತಿ ಕಡಿತ ಮಾಡುತ್ತದೆ. ಪೆಡಲ್, ಥ್ರಾಟಲ್, ಕಂಪ್ಯೂಟರ್ ಮೂರೂ ಹೊಂದುವಂಥ ಸೆಟ್ ಆಗಿರಬೇಕು. ಗುಜರಿಯಿಂದ ಒಂದೊಂದು ಕಾರಿನದು ಒಂದೊಂದು ತಂದು ಜೋಡಿಸುವ ಕೆಲಸ ಇದಲ್ಲ.

ಓಡಿಸುವ ಮುನ್ನ ಈ ಪರೀಕ್ಷೆ ಮಾಡಿ

- ಎಂಜಿನ್ ಆಫ್ ಇರಲಿ. ಒಬ್ಬರು ಪೆಡಲ್ ಪೂರ್ತಿ ಒತ್ತಲಿ, ಇನ್ನೊಬ್ಬರು ತಟ್ಟೆ ಪೂರ್ತಿ ತೆರೆಯಿತೇ ನೋಡಲಿ.
- ಕಾಲು ತೆಗೆದ ತಕ್ಷಣ ತಟ್ಟೆ ಟಕ್ ಎಂದು ಮುಚ್ಚಬೇಕು.
- ಒಂದು ಸ್ಪ್ರಿಂಗ್ ಕಳಚಿ ಮತ್ತೆ ನೋಡಿ. ಅದನ್ನು ಹಾಕಿ, ಇನ್ನೊಂದನ್ನು ಕಳಚಿ ನೋಡಿ.
- ಮ್ಯಾಟ್ ಪೆಡಲ್‌ಗೆ ತಾಗುತ್ತದೆಯೇ ನೋಡಿ. 2009ರಲ್ಲಿ ಅಮೆರಿಕದ ಸ್ಯಾನ್ ಡಿಯೇಗೋ ಬಳಿ, ಬೇರೆ ಮಾಡೆಲ್‌ನ ಮ್ಯಾಟ್‌ಗೆ ಪೆಡಲ್ ಸಿಕ್ಕಿಕೊಂಡು ನಿಯಂತ್ರಣ ತಪ್ಪಿದ ಕಾರಿನಲ್ಲಿದ್ದ ನಾಲ್ವರೂ ಸತ್ತರು.

ಆಕ್ಸಿಲರೇಟರ್ ಸಿಕ್ಕಿಕೊಂಡರೆ?

“ತಕ್ಷಣ ಕೀ ತೆಗೆದುಬಿಡಿ” ಎನ್ನುವ ಸಲಹೆ ಅಪಾಯಕಾರಿ. ಕೀ ಹೊರತೆಗೆದರೆ ಸ್ಟಿಯರಿಂಗ್ ಲಾಕ್ ಆಗಬಹುದು. ಮೊದಲು ಬ್ರೇಕನ್ನು ಗಟ್ಟಿಯಾಗಿ, ಬಿಡದೆ ಒತ್ತಿ. ಪದೇಪದೇ ಒತ್ತಿ ಬಿಟ್ಟರೆ ಬ್ರೇಕಿಗೆ ಸಿಗುವ ಸಹಾಯ ಬಲ ಖಾಲಿಯಾಗಿ ಪೆಡಲ್ ಕಲ್ಲಿನಂತಾಗುತ್ತದೆ. ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತನ್ನಿ. ಆಟೊಮ್ಯಾಟಿಕ್ ಆದರೆ ನೇರ ನ್ಯೂಟ್ರಲ್. ಎಂಜಿನ್ ಅರಚಿದರೆ ಅರಚಲಿ. ಕಾರು ಬದಿಗೆ ನಿಂತ ಮೇಲೆ ಆಫ್ ಮಾಡಿ.

ಕಾನೂನು ಗಮನದಲ್ಲಿರಲಿ

ಭಾರತದಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ವಾಹನದ ಮೂಲ ವಿನ್ಯಾಸವನ್ನು ಮನಬಂದಂತೆ ಬದಲಿಸಲು ಬಿಡುವುದಿಲ್ಲ. ಸ್ವಂತವಾಗಿ ಕಟ್ಟಿದ ಕಾರು ರೇಸ್ ಟ್ರ್ಯಾಕ್‌ನಲ್ಲೋ ಖಾಸಗಿ ಜಾಗದಲ್ಲೋ ಇರಲಿ.

ಒಟ್ಟಿನಲ್ಲಿ: ರಾಡ್ ಗಟ್ಟಿ, ಕೇಬಲ್ ಅಪಾಯ ಎಂಬ ಮಾತು ದಾರಿ ತಪ್ಪಿಸುವಂಥದ್ದು. ಮನೆಯಲ್ಲಿ ಕಟ್ಟುವವರಿಗೆ ಸರಿಯಾಗಿ ಅಳವಡಿಸಿದ ಕೇಬಲ್ಲೇ ಸುಲಭ. ಯಾವುದನ್ನೇ ಆರಿಸಿ, “ಎಷ್ಟು ಚೆನ್ನಾಗಿ ತೆರೆಯುತ್ತದೆ” ಎಂದು ಕೇಳುವ ಮೊದಲು “ಏನೇ ಮುರಿದರೂ ಮುಚ್ಚುತ್ತದೆಯೇ” ಎಂದು ಕೇಳಿ. ಗ್ರೂಪಿನಲ್ಲಿ ಹಂಚುವುದಾದರೆ ಈ ಪ್ರಶ್ನೆಯನ್ನೇ ಹಂಚಿ.